ಶುಂಠಿ, ಕಾಳುಮೆಣಸಿನ ಸತ್ವ ಮತ್ತು ನನ್ನ ಅರೆತಲೆನೋವಿನ ಲೆಕ್ಕದ ಪುಸ್ತಕ

ಮೇಲೆ ಐದು ಬರೆದು, ಗೆರೆ ಎಳೆದು, ಕೆಳಗೆ ಎಂಟು ಬರೆದೆ. ಮಕ್ಕಳತ್ತ ತಿರುಗಿ ಮತ್ತೆ ಹಲಗೆಯನ್ನು ನೋಡಿದಾಗ ಗೆರೆಯ ಕೆಳಗೆ ಎಂಟು ಇರಲಿಲ್ಲ. ಅಳಿಸಿಹೋಗಿದ್ದಲ್ಲ, ಎಂಟು ಇರಬೇಕಾದ ಜಾಗದಲ್ಲಿ ಹಲಗೆಯೇ ಇರಲಿಲ್ಲ. ಅಲ್ಲಿದ್ದದ್ದು ಕತ್ತಲೆಯೂ ಅಲ್ಲ, ಬೆಳಕೂ ಅಲ್ಲ. ಸ್ವಲ್ಪ ಹೊತ್ತಿಗೆ ಆ ಖಾಲಿಯ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳ್ಳಿಗೆರೆ ಮೂಡಿ, ಮಿನುಗುತ್ತಾ ಎಡಕ್ಕೆ ಹರಡತೊಡಗಿತು. ಎಂಟನೇ ತರಗತಿಯ ಮಕ್ಕಳಿಗೆ ಪುಸ್ತಕದ ಲೆಕ್ಕ ಬಿಡಿಸಲು ಹೇಳಿ ಕುರ್ಚಿಯಲ್ಲಿ ಕುಳಿತೆ. ಇಪ್ಪತ್ತು ನಿಮಿಷದಲ್ಲಿ ಕಣ್ಣು ತಿಳಿಯಾಯಿತು. ಅದರ ಬೆನ್ನಿಗೇ ಬಲಗಣ್ಣಿನ ಹಿಂದೆ ನೋವು ಎದ್ದಿತು.

ಆ ದಿನ 2022ರ ಜೂನ್‌ನಲ್ಲಿ. ತಲೆನೋವು ನನಗೆ ಹೊಸದಲ್ಲ. ಕಾಲೇಜಿನ ದಿನಗಳಿಂದಲೂ ಇತ್ತು, ಆಯಿಗೂ ಇತ್ತು, ಅಮ್ಮಮ್ಮನಿಗೂ ಇತ್ತಂತೆ. ನಮ್ಮ ಕಡೆ, ಶಿರಸಿಯ ಸುತ್ತಮುತ್ತ, ಇದಕ್ಕೆ ಅರೆತಲೆಶೂಲೆ ಎನ್ನುತ್ತಿದ್ದರು. ಒಣಶುಂಠಿಯನ್ನು ಸಾಣೆಕಲ್ಲಿನ ಮೇಲೆ ತೇದು ಹಣೆಗೆ ಬಳಿದುಕೊಂಡು, ಒಳಕೋಣೆಯ ಬಾಗಿಲು ಹಾಕಿ ಮಲಗುತ್ತಿದ್ದರು. ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾ ಹದಿನೆಂಟು ವರ್ಷ ಕಳೆದಿದ್ದೆ. ಬಾಗಿಲು ಹಾಕಿ ಮಲಗುವ ಅನುಕೂಲ ನನಗಿರಲಿಲ್ಲ. ಔಷಧ ಅಂಗಡಿಯ ನೋವಿನ ಮಾತ್ರೆ ಸದಾ ಚೀಲದಲ್ಲಿರುತ್ತಿತ್ತು. ಆದರೆ ಹಲಗೆಯ ಮೇಲಿನ ಅಂಕಿ ಮಾಯವಾದದ್ದು ಅದೇ ಮೊದಲು. ಪಾರ್ಶ್ವವಾಯುವೇ ಇರಬೇಕೆಂದು ಹೆದರಿ, ಒಂದು ವಾರದೊಳಗೆ ನರರೋಗ ತಜ್ಞೆಯೊಬ್ಬರ ಮುಂದೆ ಕುಳಿತಿದ್ದೆ.

ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ, ಮಾತ್ರೆಗಳ ಬಗ್ಗೆ. ತಿಂಗಳಲ್ಲಿ ಎಷ್ಟು ದಿನ ತೆಗೆದುಕೊಳ್ಳುತ್ತೀರಿ ಎಂದರು. ಗೊತ್ತಿಲ್ಲ ಎಂದೆ. ಗಣಿತದ ಶಿಕ್ಷಕಿಗೆ ತನ್ನ ಮಾತ್ರೆಗಳ ಲೆಕ್ಕ ಗೊತ್ತಿಲ್ಲದಿರುವುದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಮನೆಗೆ ಬಂದು ಔಷಧ ಅಂಗಡಿಯ ಚೀಟಿಗಳನ್ನೂ ಖಾಲಿ ಪಟ್ಟಿಗಳನ್ನೂ ಜೋಡಿಸಿ ಎಣಿಸಿದೆ. ಹಿಂದಿನ ತಿಂಗಳಲ್ಲಿ 16 ದಿನ ನೋವಿನ ಮಾತ್ರೆ ನುಂಗಿದ್ದೆ, ಅದೂ ಎರಡು ಮೂರು ಔಷಧ ಸೇರಿದ ಮಾತ್ರೆ. ಅಂಥ ಮಿಶ್ರ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಸಾದಾ ನೋವಿನ ಮಾತ್ರೆಯನ್ನು 15 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ ಎಂಬುದನ್ನು ಅಂದು ತಿಳಿದೆ.

ಅಪ್ಪಯ್ಯನ ಕಾಲದ, ಅಡಿಕೆ ವ್ಯವಹಾರ ಬರೆಯುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕವೊಂದು ಬರೆಯದೆ ಉಳಿದಿತ್ತು. ಅದರಲ್ಲಿ ಗೆರೆ ಹಾಕಿದೆ. ದಿನಾಂಕ, ಶುರುವಾದ ಹೊತ್ತು, ಹತ್ತಕ್ಕೆ ಎಷ್ಟು ನೋವು, ನುಂಗಿದ ಮಾತ್ರೆ, ವಾಂತಿ ಆಯಿತೇ, ರಾತ್ರಿಯ ನಿದ್ದೆ, ಮುಟ್ಟಿನ ದಿನಗಳು. ಕೊನೆಯಲ್ಲಿ ಅಗಲವಾದ ಒಂದು ಕಾಲಂ ಬಿಟ್ಟು ಅದಕ್ಕೆ ‘ಇತರೆ’ ಎಂದು ಬರೆದೆ. ಮುಂದೆ ನನಗೆ ಆದ ತೊಂದರೆಯೆಲ್ಲ ಈ ಕೊನೆಯ ಕಾಲಂ ಖಾಲಿ ಬಿಟ್ಟಿದ್ದರಿಂದಲೇ.

ಜುಲೈ 2022ರ ಪುಟದಲ್ಲಿ 13 ದಿನ ಅರೆತಲೆನೋವು. ನೋವಿನ ಮಾತ್ರೆ ನಿಲ್ಲಿಸಿದ ಮೊದಲ ಎರಡು ವಾರಗಳನ್ನು ಇಲ್ಲಿ ವಿವರಿಸುವುದಿಲ್ಲ. ಆ ದಿನಗಳ ಬರಹ ಪುಸ್ತಕದಲ್ಲಿ ನನಗೇ ಓದಲಾಗದಷ್ಟು ವಕ್ರವಾಗಿದೆ. ಉಬ್ಬಸ ಇದೆಯೇ ಎಂದು ಎರಡು ಸಲ ಕೇಳಿ, ಇಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ ಡಾಕ್ಟರು ಪ್ರೊಪ್ರಾನೊಲಾಲ್ ಬರೆದುಕೊಟ್ಟರು. ರಕ್ತದೊತ್ತಡಕ್ಕೆ, ಹೃದಯದ ಬಡಿತಕ್ಕೆ ಕೊಡುವ ಮಾತ್ರೆ. ಅರೆತಲೆನೋವು ಬಾರದಂತೆ ತಡೆಯಲೂ ಕೊಡುತ್ತಾರೆ. ಕಡಿಮೆ ಪ್ರಮಾಣದಿಂದ ಶುರುಮಾಡಿ 80 ಮಿ.ಗ್ರಾಂ.ಗೆ ಏರಿಸಿದರು. ನೋವು ಬಂದಾಗ ನ್ಯಾಪ್ರಾಕ್ಸೆನ್, ಅದೂ ವಾರಕ್ಕೆ ಎರಡು ದಿನ ಮೀರುವಂತಿಲ್ಲ. 2023ರ ಜನವರಿಯ ಹೊತ್ತಿಗೆ 13 ಇದ್ದದ್ದು 6ಕ್ಕೆ ಇಳಿದಿತ್ತು.

ಈ ಮಾತ್ರೆ ನನಗೆ ಅರ್ಧಕ್ಕಿಂತ ಹೆಚ್ಚು ದಿನಗಳನ್ನು ಮರಳಿ ಕೊಟ್ಟಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡಮೂಲಿಕೆಯ ಕಡೆ ನಾನು ಹೋದದ್ದು ಅದನ್ನು ಬಿಟ್ಟಲ್ಲ, ಉಳಿದ ಆರು ದಿನಗಳಿಗಾಗಿ. ತಿಂಗಳಲ್ಲಿ ಆರು ದಿನ ಎಂದರೆ ಆಡುವವರಿಗೆ ಸಣ್ಣ ಮಾತು. ಅನುಭವಿಸುವವರಿಗೆ ವರ್ಷದಲ್ಲಿ ಎಪ್ಪತ್ತೆರಡು ದಿನ.

ನಾನೊಬ್ಬಳೇ ಅಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವರ್ಷವೊಂದರಲ್ಲಿ ನೂರರಲ್ಲಿ 25 ಜನರಿಗೆ ಮೈಗ್ರೇನ್ ಕಾಡುತ್ತದೆ. ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಹದಿನಾಲ್ಕು ಕುರ್ಚಿಗಳಿವೆ. ಆ ಲೆಕ್ಕದಲ್ಲಿ ಮೂರು ನಾಲ್ಕು ಕುರ್ಚಿಗಳಲ್ಲಿ ಇದೇ ನೋವು ಕುಳಿತಿರಬೇಕು. ಬಹುಶಃ ಅದಕ್ಕೇ ಎಲ್ಲರ ಬಳಿಯೂ ಒಂದೊಂದು ಮದ್ದು ಇರುತ್ತದೆ.

ಮೊದಲು ಬಂದದ್ದು ಸಾಗರದಾಚೆಯ ಮದ್ದು. ಫೆಬ್ರವರಿಯಲ್ಲಿ ಮನೆತನದ ಉಪನಯನಕ್ಕೆಂದು ಅಮೆರಿಕದಿಂದ ಬಂದ ಅಣ್ಣ ಅತ್ತಿಗೆ ನನಗಾಗಿ ಒಂದು ಸೀಸೆ ತಂದಿದ್ದರು. ಬಟರ್‌ಬರ್ ಎಂಬ ಯುರೋಪಿನ ಗಿಡದ ಬೇರಿನ ಸಾರ. ಅತ್ತಿಗೆಯ ಸಹೋದ್ಯೋಗಿಗೆ ಇದರಿಂದ ಬಹಳ ಗುಣವಾಯಿತಂತೆ. ಅತ್ತಿಗೆ ಅಷ್ಟು ದೂರದಿಂದ ನನ್ನ ನೋವನ್ನು ನೆನೆದು ತಂದದ್ದು. ಅದನ್ನು ಕೈಯಲ್ಲಿ ಹಿಡಿದಾಗ ಗಂಟಲು ಕಟ್ಟಿತ್ತು. ಆದರೆ ಕುಡಿಯುವ ಮುನ್ನ ಸೀಸೆಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ.

ಅವರು ಸೀಸೆಯನ್ನು ಎತ್ತಿ ನೋಡಿ ಹೇಳಿದ ಕಥೆ ನನ್ನ ಮನಸ್ಸಿನಿಂದ ಇಳಿದಿಲ್ಲ. ಈ ಬೇರು ಕೆಲಸ ಮಾಡುವುದಿಲ್ಲವೆಂದಲ್ಲ. 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 245 ರೋಗಿಗಳಿದ್ದರು. ದಿನಕ್ಕೆ ಎರಡು ಬಾರಿ 75 ಮಿ.ಗ್ರಾಂ. ತೆಗೆದುಕೊಂಡವರಿಗೆ ನಾಲ್ಕು ತಿಂಗಳಲ್ಲಿ ದಾಳಿಗಳು ನೂರಕ್ಕೆ 48ರಷ್ಟು ಕಡಿಮೆಯಾದವು, ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಿಗೆ 26ರಷ್ಟು. 2012ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ ತನ್ನ ಮಾರ್ಗಸೂಚಿಯಲ್ಲಿ ಇದಕ್ಕೆ ಮೊದಲ ದರ್ಜೆಯ ಶಿಫಾರಸು ಕೊಟ್ಟಿತು. ಅಷ್ಟೆಲ್ಲ ಆದ ಮೇಲೆ ಯಕೃತ್ತಿಗೆ ಪೆಟ್ಟಾದ ವರದಿಗಳ ಕಾರಣಕ್ಕೆ 2015ರಲ್ಲಿ ಆ ಮಾರ್ಗಸೂಚಿಯನ್ನೇ ಹಿಂದಕ್ಕೆ ಪಡೆಯಿತು. ಆ ಗಿಡದಲ್ಲಿ ಪೈರೊಲಿಜಿಡಿನ್ ಎಂಬ ಗುಂಪಿನ ವಿಷಗಳಿವೆ. ತಯಾರಿಕೆಯಲ್ಲಿ ಅವನ್ನು ತೆಗೆಯಬೇಕು. ತೆಗೆದಿದ್ದೇವೆ ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಅದನ್ನು ನಂಬಿ ಯಕೃತ್ತನ್ನು ಒಡ್ಡುವುದು ಬೇಡ ಎಂದರು.

ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. ಆಮೇಲೆ, “ನನ್ನ ಸಹೋದ್ಯೋಗಿಗೂ ಇದನ್ನು ತಿಳಿಸುತ್ತೇನೆ” ಎಂದರು.

ಎರಡನೆಯದು ಫೀವರ್‌ಫ್ಯೂ. ಸೇವಂತಿಗೆಯ ಹತ್ತಿರದ ನೆಂಟ, ಬಿಳಿಯ ಪುಟ್ಟ ಹೂವಿನ ಗಿಡ. ಇದರ ಎಲೆ ಅಗಿದು ಅರೆತಲೆನೋವು ತಡೆಯುವ ರೂಢಿ ಇಂಗ್ಲೆಂಡಿನಲ್ಲಿತ್ತು. ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆ 2015ರಲ್ಲಿ ಹೇಳಿದ್ದು ಇಷ್ಟು: ಆರು ಪರೀಕ್ಷೆಗಳು, 561 ರೋಗಿಗಳು, ಅವುಗಳಲ್ಲಿ ದೊಡ್ಡದಾದ ಪರೀಕ್ಷೆಯಲ್ಲಿ ಹುಸಿಗುಳಿಗೆಗಿಂತ ತಿಂಗಳಿಗೆ 0.6 ದಾಳಿ ಕಡಿಮೆ. ಅಂದರೆ ಹೆಚ್ಚುಕಡಿಮೆ ಎರಡು ತಿಂಗಳಿಗೆ ಒಂದು ದಾಳಿ ತಪ್ಪಬಹುದು. ನನಗೆ ಅದೂ ಬೇಕಿತ್ತು.

ಡಾಕ್ಟರು ಮಾತ್ರ ನನ್ನ ಕುತ್ತಿಗೆಯ ಹಳೆಯ ಕಪ್ಪು ಕಲೆಗಳನ್ನು ನೋಡಿ, “ಇದೇನು ಮೇಡಂ?” ಎಂದರು. ಶಾಲೆಗೆ ಸೇರಿದ ಹೊಸತರಲ್ಲಿ ಮಕ್ಕಳ ಜೊತೆ ಮೈದಾನದ ಕಾಂಗ್ರೆಸ್ ಗಿಡ ಕಿತ್ತಿದ್ದೆ. ಕೈ, ಕುತ್ತಿಗೆ, ಕಣ್ಣಿನ ರೆಪ್ಪೆ ಊದಿಕೊಂಡು ತಿಂಗಳುಗಟ್ಟಲೆ ಕೆರೆತ. ಈಗಲೂ ಮಳೆಗಾಲದ ಕೊನೆಗೆ ಆ ಗಿಡ ಹೂಬಿಟ್ಟಾಗ ಚರ್ಮ ಕಂದುತ್ತದೆ. ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ ಮತ್ತು ಈ ಫೀವರ್‌ಫ್ಯೂ ಎರಡೂ ಒಂದೇ ಕುಟುಂಬದವು. ಒಂದಕ್ಕೆ ಮುನಿದ ಮೈ ಇನ್ನೊಂದಕ್ಕೂ ಮುನಿಯಬಹುದು ಎಂದು ವಿವರಿಸಿದರು. ಹುಬ್ಬಳ್ಳಿ ಧಾರವಾಡದಲ್ಲಿ ಈ ಗಿಡದ ಅಲರ್ಜಿ ಇರುವವರು ಎಷ್ಟೋ ಮಂದಿ. ಫೀವರ್‌ಫ್ಯೂ ಗುಳಿಗೆಯನ್ನು ಅಂತರ್ಜಾಲದಲ್ಲಿ ತರಿಸಿಕೊಳ್ಳುವಾಗ ಅವರಿಗೆ ಇದನ್ನು ಯಾರು ಹೇಳುತ್ತಾರೆ? ಗರ್ಭಿಣಿಯರೂ ಅದನ್ನು ಮುಟ್ಟಬಾರದು.

ಎರಡಕ್ಕೂ ಬೇಡ ಎಂದವರು ಬರಿಗೈಯಲ್ಲಿ ಕಳಿಸಲಿಲ್ಲ. ಗಿಡಮೂಲಿಕೆಯಲ್ಲದಿದ್ದರೂ ಅದೇ ಕಪಾಟಿನಲ್ಲಿ ಸಿಗುವ ಎರಡನ್ನು ಬರೆದುಕೊಟ್ಟರು: ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ದಿನಕ್ಕೆ 400 ಮಿ.ಗ್ರಾಂ.; ಜೊತೆಗೆ ಮೆಗ್ನೀಸಿಯಂ. ಒಂದೊಂದಾಗಿ ಶುರುಮಾಡಿ, ಎರಡನ್ನೂ ಒಟ್ಟಿಗೆ ಬೇಡ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ನಿಮ್ಮ ಪುಸ್ತಕಕ್ಕೂ ತಿಳಿಯುವುದಿಲ್ಲ ಎಂದರು. ರೈಬೋಫ್ಲೇವಿನ್ ಬಗ್ಗೆ 1998ರಲ್ಲಿ ಬಂದ ಪರೀಕ್ಷೆ ಚಿಕ್ಕದು, 55 ಜನರದ್ದು. ಅದರಲ್ಲಿ ಜೀವಸತ್ವ ತೆಗೆದುಕೊಂಡವರಲ್ಲಿ ನೂರಕ್ಕೆ 59 ಮಂದಿಗೆ ನೋವು ಅರ್ಧಕ್ಕರ್ಧ ಇಳಿದರೆ, ಹುಸಿಗುಳಿಗೆಯವರಲ್ಲಿ 15 ಮಂದಿಗೆ. ಮೂರು ತಿಂಗಳು ಕಾಯಬೇಕು. ಮೂತ್ರ ಅರಿಶಿನ ಕದಡಿದಂತೆ ಹಳದಿಯಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಮೆಗ್ನೀಸಿಯಂ ನನ್ನ ಹೊಟ್ಟೆಗೆ ಒಗ್ಗಲಿಲ್ಲ. ಪಾಠದ ನಡುವೆ ಎದ್ದು ಓಡಬೇಕಾಗಿ ಬಂದ ಮೇಲೆ ಬಿಟ್ಟೆ.

ಆಮೇಲೆ ಶುಂಠಿ. ಕೇಳಲು ಸಂಕೋಚವಾಗಿತ್ತು. ಆಯಿ ತೇದು ಹಚ್ಚುತ್ತಿದ್ದ ಶುಂಠಿಯನ್ನು ಡಾಕ್ಟರ ಮುಂದೆ ಹೇಗೆ ಹೇಳುವುದು? ಅವರೇ ಎತ್ತಿದರು. ಬ್ರೆಜಿಲ್‌ನಲ್ಲಿ ತುರ್ತು ಚಿಕಿತ್ಸಾ ಘಟಕಕ್ಕೆ ಅರೆತಲೆನೋವಿನಿಂದ ಬಂದ 60 ರೋಗಿಗಳಿಗೆ ನೋವಿನ ಚುಚ್ಚುಮದ್ದು ಕೊಟ್ಟು, ಅದರ ಜೊತೆಗೆ ಕೆಲವರಿಗೆ 400 ಮಿ.ಗ್ರಾಂ. ಶುಂಠಿ ಸಾರ, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ನೋಡಿದರಂತೆ. ಶುಂಠಿ ಸೇರಿದವರಿಗೆ ಬೇಗ ಹಗುರವಾಯಿತು. ಅದೇ ದೇಶದ ಸಂಶೋಧಕರು 107 ಜನರಿಗೆ ಮೂರು ತಿಂಗಳು ದಿನಕ್ಕೆ ಮೂರು ಸಲ ಶುಂಠಿಗುಳಿಗೆ ಕೊಟ್ಟು, ನೋವು ಬಾರದಂತೆ ತಡೆಯುತ್ತದೆಯೇ ಎಂದು ನೋಡಿದಾಗ ಮಾತ್ರ ಹುಸಿಗುಳಿಗೆಗಿಂತ ಹೆಚ್ಚೇನೂ ಆಗಲಿಲ್ಲ. ನನಗೆ ಈ ಜೋಡಿ ಉತ್ತರ ಬಹಳ ಇಷ್ಟವಾಯಿತು. ಬಂದ ನೋವಿಗೆ ಆಸರೆ, ಬರುವ ನೋವಿಗೆ ತಡೆ ಅಲ್ಲ. ಆಯಿಯೂ ನೋವು ಬಂದಾಗ ತೇಯುತ್ತಿದ್ದಳೇ ಹೊರತು ದಿನಾ ಅಲ್ಲ.

2023ರ ಜೂನ್‌ನಿಂದ ನನ್ನ ಕ್ರಮ ಹೀಗೆ. ಗರಗಸದ ಗೆರೆ ಕಂಡ ಕೂಡಲೇ, ಅಥವಾ ಗೆರೆ ಕಾಣದ ದಿನ ಕಣ್ಣಿನ ಹಿಂದೆ ಮೊದಲ ಮಿಡಿತ ಎದ್ದ ಕೂಡಲೇ, ನ್ಯಾಪ್ರಾಕ್ಸೆನ್ ನುಂಗಿ, ಕಾಲು ಚಮಚ ಒಣಶುಂಠಿ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿಯುತ್ತೇನೆ. ತವರಿನಿಂದ ಬಂದ ಶುಂಠಿ ಕೊಂಬನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ. ಮುಚ್ಚಳ ತೆರೆದಾಗ ಘಾಟು ಮೂಗಿಗೆ ಅಡರುತ್ತದೆ. ವಾಸನೆ ಎಂದರೆ ಹೊಟ್ಟೆ ತೊಳೆಸುವ ಆ ಗಳಿಗೆಯಲ್ಲೂ ಈ ಒಂದು ವಾಸನೆ ಮಾತ್ರ ನನಗೆ ಸಹನೀಯ. ಗುಟುಕು ಗಂಟಲಿನಲ್ಲಿ ಉರಿಯುತ್ತಾ ಇಳಿದು, ಎದೆಯ ಕೆಳಗೆ ಬೆಚ್ಚಗೆ ನಿಲ್ಲುತ್ತದೆ. ಪುಸ್ತಕ ಹೇಳುವುದು: ಶುಂಠಿಗೆ ಮುಂಚಿನ ಹತ್ತು ದಾಳಿಗಳಲ್ಲಿ ಆರು ಸಲ ವಾಂತಿ, ಶುಂಠಿ ಸೇರಿದ ಮೇಲಿನ ಹತ್ತರಲ್ಲಿ ಎರಡು ಸಲ. ನೋವು ಎಷ್ಟು ತಗ್ಗಿತು ಎಂಬುದರಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಮಾತ್ರೆ ಹೊಟ್ಟೆಯಲ್ಲಿ ಉಳಿಯುತ್ತದೆ. ವಾಂತಿಯಲ್ಲಿ ಮಾತ್ರೆ ಕಳೆದುಕೊಂಡು, ಇನ್ನೊಂದು ನುಂಗಲೇ ಬೇಡವೇ ಎಂದು ಕತ್ತಲಲ್ಲಿ ಕುಳಿತವರಿಗೆ ಅದರ ಬೆಲೆ ಗೊತ್ತು. ಎದೆಯುರಿ ಇರುವವರಿಗೆ ಇದು ಒಗ್ಗದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರುಮಾಡಬಾರದು.

ಶುಂಠಿ ಹೀಗೆ ಕೈಹಿಡಿದ ಮೇಲೆ ಅಡುಗೆಮನೆಯ ಸಾಮಾನಿನ ಬಗ್ಗೆ ನನಗೆ ಭಯವೇ ಹೋಯಿತು. ಆಗ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜುಲೈ ಕೊನೆಯಲ್ಲಿ ನನ್ನ ಪಕ್ಕದ ಕುರ್ಚಿಯ ಸಹಶಿಕ್ಷಕಿ ಅರಿಶಿನದ ಸತ್ವದ ಗುಳಿಗೆಗಳನ್ನು ತೋರಿಸಿದರು. ಅವರ ಮೊಣಕಾಲು ನೋವಿಗೆ ತರಿಸಿಕೊಂಡದ್ದು. “ಅರಿಶಿನ ತಾನೇ ಟೀಚರ್, ಊರಿಗೆಲ್ಲ ಗೊತ್ತಿರುವುದು. ಉರಿಯೂತಕ್ಕೆ ಒಳ್ಳೆಯದಂತೆ. ತಲೆನೋವಿಗೂ ಆಗಬಹುದು” ಎಂದರು. ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ. ತರಿಸಿಕೊಂಡೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಡಾಕ್ಟರಿಗೆ ಹೇಳಲಿಲ್ಲ. ಅರಿಶಿನ ತಿನ್ನಲೂ ಅಪ್ಪಣೆ ಕೇಳಬೇಕೇ ಎನಿಸಿತ್ತು. ಪುಸ್ತಕದ ‘ಇತರೆ’ ಕಾಲಂನಲ್ಲೂ ಬರೆಯಲಿಲ್ಲ.

ಸ್ವಾತಂತ್ರ್ಯ ದಿನಾಚರಣೆಯ ಪಥಸಂಚಲನದ ಅಭ್ಯಾಸ ನಡೆದಿತ್ತು. ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತವಳು ಸಾಲು ಸರಿಪಡಿಸಲೆಂದು ಎದ್ದೆ. ಕಣ್ಣಿಗೆ ಕತ್ತಲೆ ಕವಿಯಿತು. ಗರಗಸದ ಗೆರೆಯಲ್ಲ, ನೇರ ಕತ್ತಲೆ. ಧ್ವಜಕಂಬದ ಕಟ್ಟೆಯನ್ನು ಹಿಡಿದು ಕುಳಿತೆ. ಮಾರನೇ ದಿನ ಎರಡನೇ ಮಹಡಿಯ ಮೆಟ್ಟಿಲಲ್ಲಿ ಮತ್ತೆ ಹಾಗೇ. ಕಾಲಿಗೆ ಕಲ್ಲು ಕಟ್ಟಿದಂತೆ. ಅಂದು ರಾತ್ರಿ ಪಿಯುಸಿ ಓದುವ ಮಗಳು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ಎಣಿಸಿದಳು. ಎಣಿಸಿ ಮುಗಿಸಿ, ಇನ್ನೊಮ್ಮೆ ಎಣಿಸಿದಳು. “ಅಮ್ಮ, ನಿಮಿಷಕ್ಕೆ ನಲವತ್ತೆಂಟು” ಎಂದಳು. ಮನೆಯ ಯಂತ್ರದಲ್ಲಿ ರಕ್ತದೊತ್ತಡ 92/58. ಪ್ರೊಪ್ರಾನೊಲಾಲ್ ಶುರುವಾದಾಗಿನಿಂದ ನನ್ನ ನಾಡಿ 60ರ ಆಸುಪಾಸಿನಲ್ಲಿ ಇರುತ್ತಿತ್ತು. ಒಂದು ವರ್ಷ ಸುಮ್ಮನಿದ್ದ ಮಾತ್ರೆ ಈಗೇಕೆ ಹೀಗೆ?

ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಹೊಸದಾಗಿ ಏನಾದರೂ ಸೇರಿಸಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಗಿಡಮೂಲಿಕೆ, ಪುಡಿ, ಕಷಾಯ, ಟಾನಿಕ್? ಆಗ ನಾಲಿಗೆ ತಡವರಿಸಿತು. ಸೀಸೆಯ ಹಿಂದಿನ ಚೀಟಿ ಓದಿ ಹೇಳಿ ಎಂದರು. ಕನ್ನಡಕ ಹಾಕಿಕೊಂಡು ಓದಿದರೂ ಕಾಣದಷ್ಟು ಸಣ್ಣ ಅಕ್ಷರ. ಮಗಳು ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿದಳು. ಅರಿಶಿನದ ಸತ್ವದ ಕೆಳಗೆ ಇನ್ನೊಂದು ಸಾಲು: ಪೈಪರ್ ನೈಗ್ರಮ್ ಸತ್ವ, 5 ಮಿ.ಗ್ರಾಂ.

ಪೈಪರ್ ನೈಗ್ರಮ್ ಎಂದರೆ ಕಾಳುಮೆಣಸು. ನಮ್ಮ ತೋಟದ ಅಡಿಕೆ ಮರಗಳಿಗೆ ಹಬ್ಬಿರುವ ಬಳ್ಳಿ, ಚಿಕ್ಕಂದಿನಲ್ಲಿ ಗೊನೆ ಬಿಡಿಸಿ ಚಾಪೆಯ ಮೇಲೆ ನಾನೇ ಒಣಗಿಸಿದ ಕಾಳು. ಅರಿಶಿನದ ಸತ್ವ ಕರುಳಿನಲ್ಲಿ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೇ ಮೆಣಸಿನ ಸತ್ವ ಸೇರಿಸುತ್ತಾರೆ. ಮೆಣಸಿನಲ್ಲಿರುವ ಪೈಪರಿನ್, ಔಷಧಗಳನ್ನು ಕರುಳು ಮತ್ತು ಯಕೃತ್ತು ಒಡೆದು ಹಾಕುವ ಕೆಲಸವನ್ನು ತಡೆಯುತ್ತದೆ. ಅರಿಶಿನವನ್ನು ಮಾತ್ರ ಒಳಗೆ ಬಿಟ್ಟು ಉಳಿದವನ್ನು ಬಾಗಿಲಲ್ಲಿ ನಿಲ್ಲಿಸುವ ವಿವೇಕ ಅದಕ್ಕಿಲ್ಲ. 1991ರಲ್ಲೇ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ ದಿನಕ್ಕೆ 20 ಮಿ.ಗ್ರಾಂ. ಪೈಪರಿನ್ ಏಳು ದಿನ ಕೊಟ್ಟು ನೋಡಿದ್ದರು. ಅವರ ರಕ್ತದಲ್ಲಿ ಏರಿದ ಔಷಧಗಳಲ್ಲಿ ಒಂದು, ಇದೇ ಪ್ರೊಪ್ರಾನೊಲಾಲ್. ನುಂಗಿದ್ದು ಅಷ್ಟೇ ಮಾತ್ರೆ, ರಕ್ತಕ್ಕೆ ಸೇರಿದ್ದು ಹೆಚ್ಚು.

“ನಿಮಗೆ ಆದದ್ದು ಇದೇ ಎಂದು ನಾನು ಸಾಧಿಸಿ ತೋರಿಸಲಾರೆ” ಎಂದರು ಡಾಕ್ಟರು. “ಗುಳಿಗೆ ನಿಲ್ಲಿಸಿ, ನಾಡಿ ಏನು ಹೇಳುತ್ತದೆ ನೋಡೋಣ. ಪ್ರೊಪ್ರಾನೊಲಾಲನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ.” ಅಂದೇ ಇಸಿಜಿ ಮಾಡಿಸಿದರು, ಬಡಿತ ನಿಧಾನವಾಗಿದ್ದದ್ದು ಬಿಟ್ಟರೆ ಬೇರೆ ದೋಷವಿರಲಿಲ್ಲ. ಹತ್ತು ದಿನಕ್ಕೆ ನಾಡಿ 62. ಸಾರಿಗೆ ಹಾಕುವ ಮೆಣಸನ್ನೂ ಬಿಡಬೇಕೇ ಎಂದು ಕೇಳಿದೆ. ಆ ಸಾರನ್ನು ಉಣ್ಣುತ್ತಿದ್ದ ಮೈಗೇ ಮಾತ್ರೆಯ ಪ್ರಮಾಣ ಹೊಂದಿಸಿದ್ದು, ಎಂದಿನಂತೆ ಉಣ್ಣಿ. ಹೊಸದಾಗಿ ಬಂದದ್ದು ಭಟ್ಟಿ ಇಳಿಸಿದಂಥ ಈ ಸತ್ವ ಎಂದರು.

ಅಂದು ಮನೆಗೆ ಬಂದು ಆ ಸೀಸೆಯನ್ನು ಇಡಿಯಾಗಿ ಓದಿದೆ. ಒಂದು ಮೂಲೆಯಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇತ್ತು. ಪೂರಕ ಆಹಾರಗಳ ಮೇಲೆ ಈ ಸಾಲು ಇರಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮವೇ ಹೇಳುತ್ತದೆ. ಅಂಥ ಸೀಸೆಯ ಮೇಲಿರುವುದು ಆಹಾರದ ಪರವಾನಗಿ ಸಂಖ್ಯೆ. ಆಯುರ್ವೇದ ಔಷಧವಾದರೆ ಆಯುಷ್ ಇಲಾಖೆಯ ತಯಾರಿಕಾ ಪರವಾನಗಿ ಇರುತ್ತದೆ. ಒಂದೇ ಅರಿಶಿನ, ಎರಡು ಬೇರೆ ಕಾನೂನು. ಕೊಳ್ಳುವವರಿಗೆ ಎರಡೂ ಒಂದೇ ಕಪಾಟಿನ ಸೀಸೆಗಳು. ಇದು ನನಗೆ ಸಿಟ್ಟು ತರಿಸುತ್ತದೆ. ಔಷಧವಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದು, ನೋವಿರುವವರಿಗೇ ಅದನ್ನು ಮಾರುವುದು ಸರಿಯಲ್ಲ.

ಇಷ್ಟಾದ ಮೇಲೂ ಆಯಿಯ ಒತ್ತಾಯಕ್ಕೆ ದೀಪಾವಳಿಗೆ ಊರಿಗೆ ಹೋದಾಗ ಶಿರಸಿಯಲ್ಲಿ ಹಿರಿಯ ಆಯುರ್ವೇದ ವೈದ್ಯರೊಬ್ಬರನ್ನು ಕಂಡೆ. ಪದವಿ ಪಡೆದು ನಲವತ್ತು ವರ್ಷ ವೃತ್ತಿ ನಡೆಸಿದವರು. ನಾಡಿ ಹಿಡಿಯುವ ಮೊದಲೇ, “ಇಂಗ್ಲಿಷ್ ಮದ್ದು ಏನೇನು ತೆಗೆದುಕೊಳ್ಳುತ್ತೀ ತಂಗಿ, ಚೀಟಿ ತೋರಿಸು” ಎಂದರು. ಅಲ್ಲಿಗೇ ನನ್ನ ಅರ್ಧ ಅಳುಕು ಕರಗಿತು. ಬಿಸಿಲು ಏರಿದಂತೆ ಏರಿ ಸಂಜೆಗೆ ಇಳಿಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಸೂರ್ಯಾವರ್ತ ಅಲ್ಲ, ಅರ್ಧಾವಭೇದಕ ಎಂದರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಈ ರೋಗದ ವರ್ಣನೆ ಇದೆ: ಅರ್ಧ ತಲೆಯನ್ನು ಸೀಳುವಂಥ ನೋವು, ತಲೆಸುತ್ತು, ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಮರುಕಳಿಸುವುದು. ಅಷ್ಟು ಹಿಂದಿನವರು ನನ್ನ ಲೆಕ್ಕದ ಪುಸ್ತಕವನ್ನೇ ನೋಡಿ ಬರೆದಂತಿತ್ತು.

ಅವರು ಕೊಟ್ಟದ್ದು ಶಾರ್ಙ್ಗಧರ ಸಂಹಿತೆಯ ಪಥ್ಯಾದಿ ಕಷಾಯ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ, ನೆಲಬೇವು, ಅರಿಶಿನ, ಬೇವು, ಅಮೃತಬಳ್ಳಿ. ಮೆಣಸಿನ ಕಥೆ ಕೇಳಿದವರು, ತ್ರಿಕಟು ಸೇರಿದ ಯಾವುದನ್ನೂ ಬರೆಯಲಿಲ್ಲ. ಅದರಲ್ಲಿ ಮೆಣಸು, ಹಿಪ್ಪಲಿ ಎರಡೂ ಇರುತ್ತವೆ. ಪಾದರಸ ಸೇರಿದ ರಸೌಷಧಿಗಳು ಬೇಡವೆಂದು ನಾನು ಹೇಳಿದಾಗ ಬೇಸರಿಸಲಿಲ್ಲ. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು ಎಂದು 2008ರಲ್ಲಿ ವರದಿಯಾಗಿತ್ತು, ಅದನ್ನು ಓದಿದ್ದೆ.

ಹುಬ್ಬಳ್ಳಿಗೆ ಮರಳಿ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿದೆ. ಅವರ ಬೆರಳು ಅಮೃತಬಳ್ಳಿಯ ಮೇಲೆ ನಿಂತಿತು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅದನ್ನು ಕುಡಿದ ಆರು ಮಂದಿಗೆ ಯಕೃತ್ತಿನ ತೊಂದರೆಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದ್ದರು. ಅದು ಅಮೃತಬಳ್ಳಿಯಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬೇಕೆಂದು ಆಯುಷ್ ಸಚಿವಾಲಯ ವಾದಿಸಿತ್ತು. ವಾದ ಯಾರದ್ದು ಸರಿಯಾದರೂ ಪೆಟ್ಟು ಬೀಳುವುದು ಕುಡಿದವರ ಯಕೃತ್ತಿಗೆ. ಶುರುವಿಗೊಮ್ಮೆ, ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವ ಷರತ್ತಿನ ಮೇಲೆ ಒಪ್ಪಿದರು. ಮೂರೂ ಸಲ ಸರಿಯಾಗಿಯೇ ಇತ್ತು.

ಎರಡು ಚಮಚ ಪುಡಿ, ಎರಡು ಲೋಟ ನೀರು, ಅರ್ಧ ಲೋಟಕ್ಕೆ ಇಳಿಯುವವರೆಗೆ ಸಣ್ಣ ಉರಿ. ಮನೆಯಿಡೀ ಕಹಿ ವಾಸನೆ. ರಾತ್ರಿ ಎಂಟರೊಳಗೆ ಊಟ ಮುಗಿಸಬೇಕು, ಕಷಾಯ ಕುಡಿದು ಹತ್ತಕ್ಕೆ ಮಲಗಬೇಕು ಎಂದಿದ್ದರು ವೈದ್ಯರು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರೂ ನೆಲಬೇವಿನ ಕಹಿ ನಾಲಿಗೆಯ ಬುಡದಲ್ಲಿ ಬೆಳಗಿನವರೆಗೂ ಇರುತ್ತಿತ್ತು.

ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ 2023: 6, 5, 6 ದಿನ. ಕಷಾಯದ ನವೆಂಬರ್, ಡಿಸೆಂಬರ್, ಜನವರಿ: 5, 4, 4. ನನಗೂ ಆಯಿಗೂ ಹಿಗ್ಗು. ಕಷಾಯ ನಿಲ್ಲಿಸಿದ ಫೆಬ್ರವರಿ, ಮಾರ್ಚ್, ಏಪ್ರಿಲ್: 4, 4, 5. ಇಲ್ಲಿ ಲೆಕ್ಕದವಳಿಗೆ ಅನುಮಾನ ಹುಟ್ಟಿತು. ನಿಲ್ಲಿಸಿದ ಮೇಲೆ ಮೊದಲಿನ ಆರಕ್ಕೆ ಏಕೆ ಏರಲಿಲ್ಲ? ನೋವು ಅತಿಯಾದಾಗಲೇ ನಾವು ಹೊಸ ಮದ್ದು ಹುಡುಕುತ್ತೇವೆ. ಅತಿಯಾದದ್ದು ತಾನಾಗಿಯೂ ಇಳಿಯುತ್ತದೆ, ಶ್ರೇಯಸ್ಸು ಮದ್ದಿಗೆ ಹೋಗುತ್ತದೆ. ಬಿಸಿಲು ಕಡಿಮೆಯಿರುವ ತಿಂಗಳುಗಳೂ ಅವೇ. ಹಾಗಾಗಿ ಮುಂದಿನ ಚಳಿಗಾಲದಲ್ಲಿ ಕಷಾಯವಿಲ್ಲದೆ ಎಣಿಸಿದೆ. 2024ರ ನವೆಂಬರ್‌ನಿಂದ ಜನವರಿವರೆಗೆ 4, 4, 3.

ಪುಸ್ತಕ ಹಿಡಿದು ವೈದ್ಯರ ಬಳಿಗೆ ಹೋದೆ. ಅವರು ಕನ್ನಡಕ ಏರಿಸಿ ಎರಡೂ ಚಳಿಗಾಲದ ಪುಟಗಳನ್ನು ಬೆರಳಿಟ್ಟು ಓದಿದರು. “ಕಷಾಯ ಬಿಟ್ಟೆ. ಎಂಟಕ್ಕೆ ಊಟ, ಹತ್ತಕ್ಕೆ ನಿದ್ದೆ ಬಿಟ್ಟೆಯೇನು?” ಎಂದು ಕೇಳಿದರು. ಬಿಟ್ಟಿರಲಿಲ್ಲ. ಅದು ಅಭ್ಯಾಸವಾಗಿ ಉಳಿದಿತ್ತು. “ಹಾಗಾದರೆ ನಿನಗೆ ಬೇಕಾದದ್ದು ಅದೇ ಇರಬೇಕು ತಂಗಿ. ಕಷಾಯ ಬೇಡ ಬಿಡು” ಎಂದರು. ತಾವು ಕೊಟ್ಟ ಮದ್ದನ್ನು ತಾವೇ ಹಿಂದಕ್ಕೆ ಪಡೆಯುವ ಮನಸ್ಸು ನಾನು ಬಹಳ ಜನರಲ್ಲಿ ಕಂಡಿಲ್ಲ.

ಈಗ ಪ್ರೊಪ್ರಾನೊಲಾಲ್ 40 ಮಿ.ಗ್ರಾಂ.ಗೆ ಇಳಿದಿದೆ. ರೈಬೋಫ್ಲೇವಿನ್ ಮುಂದುವರಿದಿದೆ. ಶುಂಠಿಯ ಡಬ್ಬಿ ಶಾಲೆಯ ಚೀಲದಲ್ಲೊಂದು, ಮನೆಯಲ್ಲೊಂದು. ‘ಇತರೆ’ ಕಾಲಂನಲ್ಲಿ ಉಪವಾಸದ ದಿನದ ಕಾಫಿಯನ್ನೂ ಬರೆಯುತ್ತೇನೆ.

ಅರಿಶಿನದ ಗುಳಿಗೆ ಕೊಡಿಸಿದ ಸಹಶಿಕ್ಷಕಿ ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ತಮ್ಮ ಚೀಲವನ್ನು ಶಿಕ್ಷಕರ ಕೋಣೆಯ ಮೇಜಿನ ಮೇಲೆ ಸುರಿದರು. ರಕ್ತದೊತ್ತಡದ ಮಾತ್ರೆಯ ಪಟ್ಟಿ, ಮೊಣಕಾಲಿನ ಗುಳಿಗೆ, ಮಗ ತಂದುಕೊಟ್ಟ ಅಶ್ವಗಂಧ, ಯಾರೋ ಕೊಟ್ಟ ಅತಿಮಧುರದ ಪುಡಿ. ಅತಿಮಧುರ ರಕ್ತದೊತ್ತಡವನ್ನು ಏರಿಸುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನಾನು ಮೊಬೈಲಿನಲ್ಲಿ ಒಂದೊಂದು ಚೀಟಿಯ ಚಿತ್ರ ತೆಗೆದು ಹಿಗ್ಗಿಸಿ ಓದಿದೆ, ಅವರು ಬಿಳಿ ಹಾಳೆಯ ಮೇಲೆ ಬರೆದುಕೊಂಡರು. ಗಂಟೆ ಹೊಡೆಯುವ ಹೊತ್ತಿಗೆ ಒಂಬತ್ತು ಹೆಸರಾಗಿತ್ತು. ಸಂಜೆ ತಮ್ಮ ಡಾಕ್ಟರಿಗೆ ತೋರಿಸುತ್ತೇನೆಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು.